ತೈಲಕೂಪಗಳ ಜೀರ್ಣೋದ್ಧಾರವೂ ಅದರ ಮೌಲ್ಯನಿರ್ಣಯವೂ

ಭೂಗರ್ಭದಿಂದ ಎಣ್ಣೆಯನ್ನೂ ಅನಿಲವನ್ನೂ ತೆಗೆಯುವ ಬಾವಿಯು ಒಮ್ಮೆ ಕೊರೆದ ಮಾತ್ರಕ್ಕೆ ಚಿರಕಾಲ ಫಲವನ್ನೀಯುವ ವಸ್ತುವಲ್ಲ. ಕಾಲಕ್ರಮದಲ್ಲಿ ಶಿಲಾಸ್ತರದ ಒತ್ತಡವು ಕುಗ್ಗುತ್ತದೆ. ಮರಳು, ಮೇಣ, ಲವಣಗಳು ಕೊಳವೆಯನ್ನು ಕಟ್ಟುತ್ತವೆ. ಎಣ್ಣೆಯ ಸ್ಥಾನವನ್ನು ನೀರು ಆಕ್ರಮಿಸುತ್ತದೆ. ಉಕ್ಕು ಸವೆದು ಸೋರುತ್ತದೆ. ಹೀಗೆ ಕುಂದಿದ ಬಾವಿಯೊಳಕ್ಕೆ ಉಪಕರಣಗಳನ್ನು ಇಳಿಸಿ ಅದನ್ನು ಪರೀಕ್ಷಿಸುವ, ಶುದ್ಧಿಗೊಳಿಸುವ, ದುರಸ್ತು ಮಾಡುವ ಕಾರ್ಯಗಳಿಗೆ ಆ ಉದ್ಯಮದಲ್ಲಿ ‘ವೆಲ್ ಇಂಟರ್‌ವೆನ್ಷನ್’ ಎಂಬ ಹೆಸರು ರೂಢವಾಗಿದೆ. ನಮ್ಮ ಶಾಸನಗಳಲ್ಲಿ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದನ್ನೇ ಹೇಳುವುದರಿಂದ, ಪ್ರಕೃತ ಲೇಖನದಲ್ಲಿ ಈ ಕಾರ್ಯವನ್ನು ಕೂಪಜೀರ್ಣೋದ್ಧಾರವೆಂದು ಕರೆಯುವೆವು. ಈ ಸೇವೆಯ ಬೆಲೆಯು ಯಾವ ರೀತಿಯಿಂದ ಗೊತ್ತಾಗುತ್ತದೆ, ಆ ಲೆಕ್ಕದಲ್ಲಿ ಬಿಟ್ಟುಹೋಗುವುದೇನು ಎಂಬುದನ್ನು ವಿಚಾರಿಸುವುದೇ ಇಲ್ಲಿನ ಉದ್ದೇಶ.

ಈ ಕಾರ್ಯವು ಲಘುವೆಂದೂ ಗುರುವೆಂದೂ ಎರಡು ಬಗೆ. ಬಾವಿಯೊಳಗಣ ಉತ್ಪಾದನಾ ಕೊಳವೆಯನ್ನು ಕದಲಿಸದೆ ಅದರ ಮೂಲಕವೇ ತಂತಿಯಿಂದ ಉಪಕರಣಗಳನ್ನು ಇಳಿಬಿಡುವುದೂ, ದೊಡ್ಡ ಉರುಳೆಗೆ ಸುತ್ತಿದ ಉಕ್ಕಿನ ನಳಿಕೆಯನ್ನು ಬಿಚ್ಚುತ್ತ ಒಳಕ್ಕೆ ತೂರಿಸಿ ಆಮ್ಲವನ್ನಾಗಲಿ ಸಾರಜನಕವನ್ನಾಗಲಿ ಹಾಯಿಸುವುದೂ ಲಘುಕಾರ್ಯಗಳು. ಬಾವಿಯ ಒತ್ತಡವನ್ನು ಭಾರವಾದ ದ್ರವದಿಂದ ಅಡಗಿಸಿ, ಮೇಲೆ ರಿಗ್ಗನ್ನು ನಿಲ್ಲಿಸಿ, ಕೊಳವೆಯನ್ನೇ ಹೊರಕ್ಕೆಳೆದು ಬದಲಿಸುವುದು ಗುರುಕಾರ್ಯ. ಇದಕ್ಕೆ ‘ವರ್ಕೋವರ್’ ಎಂಬ ಹೆಸರುಂಟು. ಬಾವಿಯ ತಲೆಯು ಸಮುದ್ರತಳದಲ್ಲಿದ್ದರೆ ವಿಶೇಷ ನೌಕೆಗಳೂ ಬೇಕಾಗುವುವು. ಇಷ್ಟೆಲ್ಲ ಸಾಮಗ್ರಿಯನ್ನೂ ನಿಪುಣರನ್ನೂ ಸದಾ ಇಟ್ಟುಕೊಳ್ಳುವುದು ದುಬಾರಿಯಾದಕಾರಣ ಬಾವಿಯ ಒಡೆಯರು ಸಾಮಾನ್ಯವಾಗಿ ಎಸ್‌ಎಲ್‌ಬಿ, ಹ್ಯಾಲಿಬರ್ಟನ್, ಬೇಕರ್ ಹ್ಯೂಸ್ ಮೊದಲಾದ ಸೇವಾಸಂಸ್ಥೆಗಳಿಂದ ಗುತ್ತಿಗೆಯ ಮೇಲೆ ಕೆಲಸವನ್ನು ಪಡೆಯುವರು.

ಈ ವ್ಯಾಪಾರವು ತೈಲೋದ್ಯಮದಷ್ಟೇ ಹಳೆಯದು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಟೈಟಸ್‌ವಿಲ್ಲಿನಲ್ಲಿ ಎಡ್ವಿನ್ ಡ್ರೇಕನು ಸುಮಾರು 69 ಅಡಿ ಕೊರೆದು ಎಣ್ಣೆಯನ್ನು ಕಂಡನು. ಆರು ವರ್ಷಗಳ ತರುವಾಯ, 1865ರಲ್ಲಿ, ಅದೇ ಪ್ರದೇಶದಲ್ಲಿ ಎಡ್ವರ್ಡ್ ರಾಬರ್ಟ್ಸನು ಮದ್ದು ತುಂಬಿದ ಲೋಹದ ಕೊಳವೆಯನ್ನು ಬಾವಿಯೊಳಕ್ಕಿಳಿಸಿ, ಅದರ ಮೇಲೆ ನೀರು ತುಂಬಿ ಸ್ಫೋಟಿಸಿ, ಕಟ್ಟಿದ ಶಿಲೆಯನ್ನು ಬಿಡಿಸುವ ಉಪಾಯವನ್ನು ಪ್ರಯೋಗಿಸಿದನು. ಅವನು ಪ್ರತಿ ಸ್ಫೋಟಕ್ಕೆ 100ರಿಂದ 200 ಡಾಲರುಗಳನ್ನೂ, ಹೆಚ್ಚಿದ ಎಣ್ಣೆಯಲ್ಲಿ ಹದಿನೈದನೆಯ ಒಂದು ಪಾಲನ್ನೂ ಕೇಳುತ್ತಿದ್ದನು. ಕೆರೆಯನ್ನು ಕಟ್ಟಿದವನಿಗೂ ತಿದ್ದಿದವನಿಗೂ ಹತ್ತನೆಯ ಪಾಲನ್ನು ಬಿಡುತ್ತಿದ್ದ ದಶವಂದವನ್ನು ಬಲ್ಲ ವಾಚಕರಿಗೆ ಈ ಪದ್ಧತಿಯು ಅಪರಿಚಿತವೆನಿಸದು. ಆದರೆ ಈ ಶುಲ್ಕವನ್ನು ತಪ್ಪಿಸಿಕೊಳ್ಳಲು ಅನೇಕರು ರಾತ್ರಿಯ ವೇಳೆ ಕದ್ದು ಸ್ಫೋಟಿಸತೊಡಗಿದರು. ರಾಬರ್ಟ್ಸನು ನ್ಯಾಯಾಲಯಗಳನ್ನು ಆಶ್ರಯಿಸಬೇಕಾಯಿತು.

ಈ ದೃಷ್ಟಾಂತದಲ್ಲಿಯೇ ಬೆಲೆ ಕಟ್ಟುವ ಎರಡು ಮಾರ್ಗಗಳು ಕಾಣುತ್ತವೆ. ಒಂದು ಶ್ರಮಮೂಲವಾದುದು: ದಿನಕ್ಕಿಷ್ಟು, ಕೆಲಸಕ್ಕಿಷ್ಟು ಎಂದು. ಇನ್ನೊಂದು ಫಲಮೂಲವಾದುದು: ಹೆಚ್ಚಿದ ಉತ್ಪತ್ತಿಯಲ್ಲಿ ಪಾಲು. ಮೊದಲನೆಯದರಲ್ಲಿ ಕಾರ್ಯವು ನಿಷ್ಫಲವಾದರೂ ಒಡೆಯನು ಹಣ ತೆರಬೇಕು. ದಿನಗೂಲಿಯಾದರೆ ಬೇಗ ಮುಗಿಸಿದವನಿಗೆ ಲಾಭವೂ ಇಲ್ಲ. ಎರಡನೆಯದರಲ್ಲಿ ಈ ದೋಷವಿಲ್ಲವಾದರೂ ಪ್ರಮಾಣದ ತೊಡಕುಂಟು. ಕಾರ್ಯವಿಲ್ಲದಿದ್ದರೆ ಬಾವಿಯು ಎಷ್ಟು ಕೊಡುತ್ತಿತ್ತೆಂಬುದು ಪ್ರತ್ಯಕ್ಷವಲ್ಲ, ಅನುಮಾನವೇ ಅದಕ್ಕೆ ಆಧಾರ. ಕಾಗೆ ಕುಳಿತೊಡನೆ ತಾಳೆಯ ಹಣ್ಣು ಬಿದ್ದರೆ ಬೀಳಿಸಿದುದು ಕಾಗೆಯೇ ಎಂಬ ವಿವಾದವು ಇಲ್ಲಿ ಬಾರದಿರದು. ಆದುದರಿಂದ ಇಳಿಮುಖದ ಗತಿಯನ್ನು ಮುಂಚೆಯೇ ಗಣಿಸಿ ಉಭಯರೂ ಒಪ್ಪಿಕೊಳ್ಳುವುದು ಅವಶ್ಯಕ.

ಫಲಮೂಲವಾದ ಮಾರ್ಗವು ಇಂದಿಗೂ ಸಜೀವವಾಗಿದೆ. 1974ರಲ್ಲಿ ಕಂಡುಬಂದು 1976ರಿಂದ ಎಣ್ಣೆ ಕೊಡುತ್ತಿರುವ ಮುಂಬಯಿ ಹೈ ಕ್ಷೇತ್ರದ ಉತ್ಪತ್ತಿಯು ಕುಗ್ಗಿರಲು, ಅದರ ಒಡೆತನವುಳ್ಳ ಓಎನ್‌ಜಿಸಿಯು 2025ರಲ್ಲಿ ಬಿಪಿ ಸಂಸ್ಥೆಯನ್ನು ತಾಂತ್ರಿಕ ಸಹಾಯಕ್ಕಾಗಿ ನಿಯಮಿಸಿತು. ಮೊದಲ ಎರಡು ವರ್ಷ ನಿಶ್ಚಿತ ಶುಲ್ಕ, ಬಳಿಕ ಹೆಚ್ಚಿದ ಉತ್ಪತ್ತಿಯ ಆದಾಯವನ್ನು ಅನುಸರಿಸಿದ ಶುಲ್ಕ ಎಂಬುದು ಅಲ್ಲಿನ ಕಟ್ಟಳೆ. ಅದು ಒಂದೊಂದು ಬಾವಿಗಲ್ಲದೆ ಇಡೀ ಕ್ಷೇತ್ರಕ್ಕೆ ಸಂಬಂಧಿಸಿದುದಾದರೂ, ತತ್ತ್ವವು ರಾಬರ್ಟ್ಸನದೇ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು: ಎಣ್ಣೆಯ ಬೆಲೆ ಇಳಿದಾಗ ಹೊಸ ಬಾವಿಗಳು ನಿಲ್ಲುವುದರಿಂದ, ಅಲ್ಪವ್ಯಯದ ಜೀರ್ಣೋದ್ಧಾರಕ್ಕೆ ತಾನಾಗಿಯೇ ಬೇಡಿಕೆ ಹೆಚ್ಚದೆ? ಇದು ಅರ್ಧಸತ್ಯ. 2014ರ ಜೂನಿನಲ್ಲಿ ಪೀಪಾಯಿಗೆ 100 ಡಾಲರನ್ನು ಮೀರಿದ್ದ ಬೆಲೆಯು 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿದಾಗ, ಒಡೆಯರು ಎಲ್ಲ ವೆಚ್ಚವನ್ನೂ ಬಿಗಿಹಿಡಿದರು. ಸೇವಾಸಂಸ್ಥೆಗಳು ದರವನ್ನು ತಗ್ಗಿಸಿ ಬಹುಜನ ನೌಕರರನ್ನು ಬಿಟ್ಟುಬಿಟ್ಟುವು. ಒಮ್ಮೆ ಚದುರಿದ ನೈಪುಣ್ಯವು ಕರೆದಾಗ ಕೂಡಲೆ ಬಾರದು.

ಇದಕ್ಕಿಂತ ದೊಡ್ಡ ನ್ಯೂನತೆ ಮತ್ತೊಂದಿದೆ. ಶಾಸ್ತ್ರಕಾರರು ಇಷ್ಟಪ್ರಾಪ್ತಿ, ಅನಿಷ್ಟಪರಿಹಾರ ಎಂದು ಪ್ರಯೋಜನವನ್ನು ಎರಡಾಗಿ ಗಣಿಸುವರು. ಹೆಚ್ಚಿದ ಎಣ್ಣೆಯು ಇಷ್ಟಪ್ರಾಪ್ತಿ. ಅದನ್ನು ಪೀಪಾಯಿಯಲ್ಲಿ ಅಳೆದು ಪಾಲು ಹಂಚಬಹುದು. ಸೋರದಂತೆ, ಸಿಡಿಯದಂತೆ ಕಾಪಾಡಿದುದನ್ನು ಅಳೆಯುವ ಪಾತ್ರೆಯಿಲ್ಲ. ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಬಾಗ್‌ಜಾನಿನಲ್ಲಿ, ಆಯಿಲ್ ಇಂಡಿಯಾ ಸಂಸ್ಥೆಯ ಐದನೆಯ ಬಾವಿಯಲ್ಲಿ, 2020ರ ಮೇ 27ರಂದು ವರ್ಕೋವರ್ ನಡೆಯುತ್ತಿದ್ದಾಗಲೇ ಅನಿಲವು ಹತೋಟಿ ಮೀರಿ ಹೊರನುಗ್ಗಿತು. ಜೂನ್ 9ರಂದು ಉರಿ ಹೊತ್ತಿತು. ಅಗ್ನಿಶಾಮಕ ದಳದ ಇಬ್ಬರು ಮಡಿದರು; ಸಾವಿರಾರು ಜನರು ಮನೆ ಬಿಟ್ಟು ಶಿಬಿರಗಳನ್ನು ಸೇರಿದರು; ಸಮೀಪದ ಮಾಗುರಿ-ಮೋಟಾಪುಂಗ್ ಜಲಭೂಮಿಯು ಕೆಟ್ಟಿತು. ಒತ್ತಡದ ವಿರುದ್ಧವಾಗಿ ಬಾವಿಯೊಳಕ್ಕೆ ಕೊಳವೆಯನ್ನು ತಳ್ಳುವ ಯಂತ್ರವನ್ನು ಕೆನಡಾದಿಂದ ವಿಮಾನದಲ್ಲಿ ತರಿಸಬೇಕಾಯಿತು. ನವೆಂಬರ್ 15ರಂದು ಬಾವಿಯು ಅಡಗಿತು.

ಐದೂವರೆ ತಿಂಗಳ ಈ ಸಂಕಟವನ್ನು ಅನುಭವಿಸಿದ ಮೀನುಗಾರರೂ ರೈತರೂ ಯಾವ ಗುತ್ತಿಗೆಗೂ ಸಹಿ ಹಾಕಿದವರಲ್ಲ. ಬೆಲೆ ಕಟ್ಟುವಾಗ ಅವರನ್ನು ಯಾರೂ ಕೇಳುವುದೂ ಇಲ್ಲ. ಆದಕಾರಣ ಜೀರ್ಣೋದ್ಧಾರದ ಗುತ್ತಿಗೆಗಳಲ್ಲಿ ಉತ್ಪತ್ತಿಯ ಪಾಲಿನಂತೆಯೇ ಅನಿಷ್ಟಪರಿಹಾರಕ್ಕೂ ಪ್ರತ್ಯೇಕವಾಗಿ ಹಣವನ್ನು ಮುಂಚೆಯೇ ತೆಗೆದಿಡತಕ್ಕದ್ದು. ಆಪತ್ತಿಗೆ ಬೇಕಾದ ಯಂತ್ರವೂ ಜನವೂ ಆಪತ್ತಿಗೆ ಮೊದಲೇ ಹತ್ತಿರದಲ್ಲಿರತಕ್ಕದ್ದು. ಇದನ್ನು ಪೇಟೆಯು ತಾನಾಗಿ ಮಾಡದೆಂಬುದು ಅನುಭವಸಿದ್ಧವಾದುದರಿಂದ, ರಾಜ್ಯಶಾಸನವೇ ಮಾಡಿಸಬೇಕೆಂಬುದು ನಮ್ಮ ಅಭಿಪ್ರಾಯ.