ಕುಮ್ಕಿಯ ಸವಲತ್ತು, ಕಾಡಿನ ಹಕ್ಕು

ನಮ್ಮ ತೋಟದ ಮೇಲ್ಬದಿಗೆ ಕಾಡು. ಕಾಡಿನ ಅಂಚಿನಲ್ಲಿ ಐದಾರು ಮಲೆಕುಡಿಯರ ಮನೆಗಳು. ಕೆಲವು ವರ್ಷದ ಹಿಂದೆ ಆ ಮನೆಗಳ ಹಿರಿಯರೊಬ್ಬರು ಬೆಳಗ್ಗೆಯೇ ಬಂದು ಜಗಲಿಯಲ್ಲಿ ಕೂತರು. "ಅಣ್ಣ, ನಾವು ಇಲ್ಲಿ ಎಷ್ಟು ಕಾಲದಿಂದ ಇದ್ದೇವೆ ಅಂತ ನಿಮಗೆ ಗೊತ್ತುಂಟಲ್ಲ. ಅರಣ್ಯ ಹಕ್ಕಿನ ಅರ್ಜಿಗೆ ಊರಿನ ಹಿರಿಯರ ಹೇಳಿಕೆ ಬೇಕಂತೆ. ಕೊಡ್ತೀರಾ?" ಎಂದರು.

ನಿಜ ಹೇಳಬೇಕೆಂದರೆ ಕೂಡಲೇ ಹೂಂ ಎನ್ನಲು ಆಗಲಿಲ್ಲ. ಅವರಿಗೆ ಹಕ್ಕುಪತ್ರ ಆದರೆ ನಮ್ಮ ಸೊಪ್ಪು, ತರಗೆಲೆಗೆ ಎಲ್ಲಿ ಅಡ್ಡಿಯಾಗುತ್ತದೋ ಎಂಬ ಹೆದರಿಕೆ. "ಎರಡು ದಿನ ಬಿಟ್ಟು ಹೇಳ್ತೇನೆ" ಅಂತ ಕಳಿಸಿದೆ. ಆ ಎರಡು ದಿನ ಕಾನೂನಿನ ಪುಸ್ತಕ ತರಿಸಿ ಓದಿದೆ. ನನ್ನ ಹಾಗೆ ಅರ್ಧಂಬರ್ಧ ತಿಳಿದು ಹೆದರುವವರು ಬೇರೆಯವರೂ ಇರಬಹುದು. ಅವರಿಗಾಗಿ ಈ ಬರಹ.

ಸವಲತ್ತು ಯಾವುದು, ಹಕ್ಕು ಯಾವುದು

ವರ್ಗ ಜಾಗದ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಕಟ್ಟಿಗೆ ತರುವುದು ನಮಗೆ ಮದ್ರಾಸು ಸರಕಾರದ ಕಾಲದಿಂದ ಬಂದ ಸವಲತ್ತು. ನಾವು ಬಾಯಲ್ಲಿ 'ಕುಮ್ಕಿ ಹಕ್ಕು' ಎನ್ನುತ್ತೇವೆ. ಜಾಗದ ಒಡೆತನ ಮಾತ್ರ ಸರಕಾರದ್ದು. ಉತ್ತರ ಕನ್ನಡದ ಸೊಪ್ಪಿನ ಬೆಟ್ಟವೂ ಹೀಗೆಯೇ. ಕೊಟ್ಟವರ ಮನಸ್ಸು ಬದಲಾದರೆ ಏನಾದೀತು ಎಂಬ ಅಂಜಿಕೆ ನಮಗೆ ಇದ್ದೇ ಉಂಟು.

ಕಾಡಿನೊಳಗೇ ಇದ್ದವರಿಗೆ ಈ ಸವಲತ್ತೂ ಇರಲಿಲ್ಲ. ಬ್ರಿಟಿಷರು ಕಾಡನ್ನು ಮೀಸಲು ಎಂದು ಗುರುತಿಸಿದಾಗ ಅದರೊಳಗಿನ ಮನೆ, ಬೇಸಾಯ, ದೇವರ ಜಾಗ ಯಾವುದೂ ದಾಖಲೆಗೆ ಸರಿಯಾಗಿ ಬರಲಿಲ್ಲ. ಕುಮರಿ ಬೇಸಾಯವನ್ನು ನಿಲ್ಲಿಸಿದರು. ತಲೆತಲಾಂತರದಿಂದ ಇದ್ದವರೇ ಅತಿಕ್ರಮಣದಾರರಾದರು.

2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯಿದೆಯನ್ನು ಒಪ್ಪಿತು. ಆದಿವಾಸಿಗಳಿಗೆ ಚಾರಿತ್ರಿಕ ಅನ್ಯಾಯ ಆಗಿದೆ ಎಂದು ಅದರ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ಇದು ಹೊಸತಾಗಿ ಜಾಗ ಹಂಚುವ ಕಾನೂನಲ್ಲ. ಮೊದಲೇ ಇದ್ದ ಹಕ್ಕನ್ನು ಕಾಗದದಲ್ಲಿ ಗುರುತಿಸುವುದು.

ಬಿಳಿಗಿರಿರಂಗನ ಬೆಟ್ಟದ ಕತೆ

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆ ಉಂಟು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನೊಳಗೆ ರಾಗಿ ಬೆಳೆಯುತ್ತಾ, ಜೇನು, ನೆಲ್ಲಿಕಾಯಿ, ಸೀಗೆ ತರುತ್ತಾ ಇದ್ದವರು. ಅವರ ಹಾಡಿಗೆ 'ಪೋಡು' ಎನ್ನುತ್ತಾರೆ. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಕಾಡು ಕಡಿದು ಮಾಡುವ ಬೇಸಾಯ ನಿಂತಿತು. ಕಿರು ಅರಣ್ಯ ಉತ್ಪನ್ನ ಸಂಗ್ರಹ ಮಾತ್ರ ಮುಂದುವರಿಯಿತು. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ, 2006ರ ಹೊತ್ತಿಗೆ ಅದಕ್ಕೂ ತಡೆ ಬಿತ್ತು. ನಮಗೆ ಒಂದು ವರ್ಷ ಅಡಿಕೆ ಮಾರಬಾರದು ಎಂದರೆ ಹೇಗಾದೀತು, ಹಾಗೆ.

ಸೋಲಿಗರ ಸಂಘಗಳು ಧರಣಿ ಕೂತವು, ಮನವಿ ಕೊಟ್ಟವು. ಜತೆಗೆ ಇನ್ನೊಂದು ಕೆಲಸವೂ ನಡೆಯಿತು. ಸಂಶೋಧಕರನ್ನು ಕೂಡಿಕೊಂಡು ಹಿರಿಯರು ಕಾಡು ಸುತ್ತಿದರು. ತಮ್ಮ ಕುಲಗಳ ದೇವರು, ಮಾರಮ್ಮ, ವೀರರು, ಕಲ್ಲುಗುಡಿ, ಅಬ್ಬಿಗಳ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿಸಿದರು. ಹೀಗೆ ನೂರಾರು ಜಾಗ ಸಿಕ್ಕಿತು. 'ಇದು ನಿರ್ಜನ ಕಾಡು' ಎಂಬ ಮಾತಿಗೆ ಆ ನಕ್ಷೆಯೇ ಉತ್ತರವಾಯಿತು.

2011ರ ಜನವರಿಯಲ್ಲಿ ಅಲ್ಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಇನ್ನು ಎಬ್ಬಿಸುತ್ತಾರೆ ಎಂದು ಎಲ್ಲರಿಗೂ ಅನಿಸಿತ್ತು. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹೀಗಾದದ್ದು ದೇಶದಲ್ಲೇ ಮೊದಲು. ಅಲ್ಲಿ 2010ರಲ್ಲಿ 35ರಷ್ಟಿದ್ದ ಹುಲಿಗಳು 2014ಕ್ಕೆ 68 ಆದವು ಎಂದು ವರದಿಯಾಯಿತು. ಇದಕ್ಕೆ ಸೋಲಿಗರೇ ಕಾರಣ ಎಂದು ನಾನು ಹೇಳುವುದಿಲ್ಲ. ಜನ ಇದ್ದಲ್ಲಿ ಹುಲಿ ಉಳಿಯುವುದೇ ಇಲ್ಲ ಎಂಬ ವಾದ ಮಾತ್ರ ಅಲ್ಲಿ ನಿಲ್ಲಲಿಲ್ಲ.

ಕಾನೂನು ಹೇಳುವುದೇನು

1. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸವಿದ್ದು ಬೇಸಾಯ ಮಾಡುತ್ತಿರುವ ಪರಿಶಿಷ್ಟ ಪಂಗಡದವರು ಅರ್ಜಿ ಹಾಕಬಹುದು. ಇತರರಾದರೆ ಆ ದಿನಕ್ಕೆ ಮೂರು ತಲೆಮಾರಿನ, ಎಂದರೆ 75 ವರ್ಷದ ವಾಸ ತೋರಿಸಬೇಕು.

2. ನಿಜವಾಗಿ ಸ್ವಾಧೀನದಲ್ಲಿರುವಷ್ಟಕ್ಕೆ ಮಾತ್ರ ಹಕ್ಕು. ಹೆಚ್ಚೆಂದರೆ 4 ಹೆಕ್ಟೇರು. ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ. ಮಕ್ಕಳಿಗೆ ಬರುತ್ತದೆ, ಮಾರಲಿಕ್ಕಿಲ್ಲ.

3. ಜೇನು, ಬಿದಿರು, ಮದ್ದಿನ ಬೇರು ಮುಂತಾದ ಕಿರು ಉತ್ಪನ್ನದ ಒಡೆತನವೂ, ಊರಿಗೆ ಊರೇ ಸೇರಿ ತಮ್ಮ ಕಾಡನ್ನು ಕಾಯುವ ಹಕ್ಕೂ ಇದರಲ್ಲಿ ಉಂಟು.

4. ಅರ್ಜಿ ಮೊದಲು ಗ್ರಾಮಸಭೆಗೆ. ಅರಣ್ಯ ಹಕ್ಕು ಸಮಿತಿ ಸ್ಥಳ ನೋಡಿ ವರದಿ ಕೊಡುತ್ತದೆ. ಅಲ್ಲಿಂದ ಉಪವಿಭಾಗ ಸಮಿತಿ, ಮತ್ತೆ ಜಿಲ್ಲಾ ಸಮಿತಿ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಮನವಿ ಕೊಡಬಹುದು.

5. ಕಾಗದಪತ್ರ ಇಲ್ಲದಿದ್ದರೆ ಹಳೇ ಮನೆಯ ಪಂಚಾಂಗ, ಬಾವಿ, ಸ್ಮಶಾನ, ಊರಿನ ಹಿರಿಯರ ಲಿಖಿತ ಹೇಳಿಕೆ ಇವೂ ಸಾಕ್ಷಿಯೇ. ಎರಡು ಬಗೆಯ ಸಾಕ್ಷಿ ಬೇಕು.

ಇದರಲ್ಲಿ ನನ್ನ ಹೆದರಿಕೆಗೂ ಉತ್ತರ ಸಿಕ್ಕಿತು. ಅರ್ಜಿ ಅರಣ್ಯಭೂಮಿಗೆ ಮಾತ್ರ. ನಮ್ಮ ಪಟ್ಟಾ ಜಾಗವನ್ನು ಅದು ಮುಟ್ಟುವುದೇ ಇಲ್ಲ. ತಕರಾರಿದ್ದರೆ ಹೇಳಲು ಗ್ರಾಮಸಭೆ ಉಂಟು.

ಬೇಡ ಎನ್ನುವ ಹಕ್ಕು

ಒಡಿಶಾದ ನಿಯಮಗಿರಿಯಲ್ಲಿ ವೇದಾಂತ ಕಂಪೆನಿಯ ಕಾರ್ಖಾನೆಗಾಗಿ ಬಾಕ್ಸೈಟ್ ಅದಿರು ತೆಗೆಯುವ ಯೋಜನೆಯಿತ್ತು. ಆ ಬೆಟ್ಟ ಡೋಂಗ್ರಿಯ ಕೊಂಧರಿಗೆ ದೇವರು. ಅಲ್ಲಿನ ಗ್ರಾಮಸಭೆಗಳನ್ನು ಕೇಳಿ ಎಂದು 2013ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೇಳಿದ 12 ಗ್ರಾಮಸಭೆಗಳೂ ಬೇಡ ಎಂದವು. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಯೋಜನೆಯನ್ನು ತಿರಸ್ಕರಿಸಿತು. ಮೂಲನಿವಾಸಿಗಳ ಹಕ್ಕಿನ ಬಗ್ಗೆ 2007ರಲ್ಲಿ ವಿಶ್ವಸಂಸ್ಥೆ ಮಾಡಿದ ಘೋಷಣೆಯಲ್ಲಿ ಸ್ವಯಂ ನಿರ್ಧಾರ ಎಂಬ ದೊಡ್ಡ ಮಾತುಂಟು. ನನಗೆ ಅದು ಅರ್ಥವಾದದ್ದು ಈ ಸಣ್ಣ ಊರುಗಳ ತೀರ್ಮಾನದಿಂದ.

ಎಲ್ಲ ಕಡೆ ಹೀಗೆ ಸುಸೂತ್ರ ಆಗಿಲ್ಲ. ಲಕ್ಷಗಟ್ಟಲೆ ಅರ್ಜಿ ತಿರಸ್ಕೃತವಾಗಿವೆ. ಅಂಥವರನ್ನು ತೆರವು ಮಾಡಿ ಎಂದು 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಆದೇಶಿಸಿತು. ಅದೇ ತಿಂಗಳ 28ಕ್ಕೆ ಆ ಆದೇಶವನ್ನು ತಡೆಹಿಡಿಯಿತು. ಸಾಕ್ಷಿ ಸಾಲದು ಎಂಬ ಒಂದು ಷರಾದಲ್ಲಿ ಮನೆಯೇ ಹೋಗಬಹುದಾದ ಕಾಲ ಅದು. ಹಾಗಾಗಿ ನೆರೆಯವರ ಹೇಳಿಕೆಗೆ ಬೆಲೆ ಹೆಚ್ಚು.

ಮೂರನೇ ದಿನ ನಾನೇ ಗುಡ್ಡೆ ಹತ್ತಿ ಹೋದೆ. ನಾನು ಶಾಲೆಗೆ ಹೋಗುವ ಕಾಲಕ್ಕೇ ಅಲ್ಲಿದ್ದ ಮನೆ, ಅವರ ಅಜ್ಜ ನೆಟ್ಟ ಹಲಸಿನ ಮರ, ನಮ್ಮ ಅಪ್ಪ ಅವರಿಂದ ಜೇನು ತರುತ್ತಿದ್ದದ್ದು, ಕಂಡದ್ದಷ್ಟನ್ನೇ ಬರೆದು ಸಹಿ ಹಾಕಿದೆ. ಒಂದಿಬ್ಬರು ನೆರೆಯವರಿಗೆ ಸಿಟ್ಟು ಬಂತು. ಈ ಪುಸ್ತಕವನ್ನೇ ಓದಲು ಕೊಟ್ಟೆ.

ಹಕ್ಕುಪತ್ರ ಇನ್ನೂ ಬರಲಿಲ್ಲ, ಕಡತ ಸಮಿತಿಯಲ್ಲಿ ಉಂಟು. ನಿಮ್ಮ ಜಗಲಿಗೂ ಯಾರಾದರೂ ಇಂಥ ಹೇಳಿಕೆ ಕೇಳಿಕೊಂಡು ಬಂದರೆ, ನನ್ನ ಹಾಗೆ ಎರಡು ದಿನ ಕಾಯಿಸಬೇಡಿ. ಕಂಡದ್ದನ್ನು ಕಂಡ ಹಾಗೆ ಬರೆದುಕೊಡಿ.