ನಿಮಗಿದು ಗೊತ್ತೆ? ವಿಟ್‌ಗೆನ್‌ಸ್ಟೈನ್ ಪಾಠ ಕೇಳಿದ ಧಾರವಾಡದ ಮಾಸ್ತರು

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದ ಪ್ರೊ. ಕೆ.ಜೆ. ಶಾ, ಕೇಂಬ್ರಿಜ್‌ನಲ್ಲಿ ತತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಅವರ ಪಾಠ ಕೇಳಿದವರು. 1946–47ರ ಆ ಉಪನ್ಯಾಸಗಳಲ್ಲಿ ಅವರು ಬರೆದುಕೊಂಡ ಟಿಪ್ಪಣಿಗಳು, ಸಹಪಾಠಿಗಳಾದ ಪೀಟರ್ ಗೀಚ್ ಮತ್ತು ಎ.ಸಿ. ಜಾಕ್ಸನ್ ಅವರ ಟಿಪ್ಪಣಿಗಳೊಂದಿಗೆ 1988ರಲ್ಲಿ ಪುಸ್ತಕವಾದವು.

ಶಾ ಅಲ್ಲಿಗೇ ನಿಲ್ಲಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಕುರಿತ ಅವರ ಪ್ರಬಂಧ, ಟಿ.ಎನ್. ಮದನ್ ಸಂಪಾದಿಸಿದ 1982ರ ಸಂಪುಟದಲ್ಲಿದೆ. ಪುರುಷಾರ್ಥಗಳನ್ನು ಒಂದರಿಂದೊಂದು ಬಿಡಿಸಲಾಗದು ಎಂಬುದು ಅವರ ವಾದ. ಅರ್ಥವೊಂದೇ ಗುರಿಯಾದರೆ ಅದು ಲೋಭ. ಧರ್ಮವೊಂದೇ ಆದರೆ ಯಾಂತ್ರಿಕ ಆಚರಣೆ. ಮೋಕ್ಷವೊಂದೇ ಆದರೆ ಪಲಾಯನ. ಕೌಟಿಲ್ಯನನ್ನು ಬರೀ ರಾಜತಂತ್ರದ ಚತುರನೆಂದು ಓದುವವರು ಈ ಪ್ರಬಂಧವನ್ನು ಓದಲೇಬೇಕು.