ಹಳೆಯ ಗಣಕಯಂತ್ರಕ್ಕೆ ಹೊಸ ಚೈತನ್ಯ

ಗಣಕಯಂತ್ರವು ಎರಡು ಅಂಗಗಳ ಕೂಟ. ಕಣ್ಣಿಗೆ ಕಾಣುವ ಯಂತ್ರಭಾಗ ಒಂದು. ಅದನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ ಮತ್ತೊಂದು. ಎರಡನೆಯದು ಹಳತಾದಾಗ ಮೊದಲನೆಯದೂ ಕೆಲಸಕ್ಕೆ ಬಾರದೆಂದು ಭಾವಿಸುವುದು ವಾಡಿಕೆ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಆದರೋ ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನು ಬೇಡುವುದರಿಂದ, ಸುಸ್ಥಿತಿಯಲ್ಲಿರುವ ಅನೇಕ ಯಂತ್ರಗಳು ಹೊರಗುಳಿದವು. ಇವುಗಳನ್ನು ಗುಜರಿಗೆ ಹಾಕಬೇಕೆ? ಬೇಕಿಲ್ಲ.

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಎಂಬ ತಿರುಳನ್ನು ರಚಿಸಿದರು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳು ಅದರೊಡನೆ ಕೂಡಿ ಪೂರ್ಣ ವ್ಯವಸ್ಥೆಯಾಯಿತು. ಡೆಬಿಯನ್, ಲಿನಕ್ಸ್ ಮಿಂಟ್, ಲುಬುಂಟು ಇವೆಲ್ಲ ಅದರ ರೂಪಗಳು; ಬೆಲೆಯಿಲ್ಲದೆ ದೊರೆಯುವಂಥವು. 2025ರ ಡೆಬಿಯನ್ 13ರಿಂದ 32 ಬಿಟ್ ಯಂತ್ರಗಳಿಗೆ ಸ್ಥಾಪನಾ ಸೌಲಭ್ಯವಿಲ್ಲವಾದ್ದರಿಂದ ಯಂತ್ರವು 64 ಬಿಟ್ಟಿನದೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಸ್ಥಾಪನೆಗೆ ಮುನ್ನ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲು ತೆರೆಯುವುದೇ ಎಂದು ಪರೀಕ್ಷಿಸತಕ್ಕದ್ದು. ಕನ್ನಡಿಗರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಯೂನಿಕೋಡ್ ಬರುವ ಮುನ್ನಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಲೇಖನಗಳು, ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಅವುಗಳನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ವರ್ಷಗಳ ಬರವಣಿಗೆ ಉಳಿಯುತ್ತದೆ.

ಬಳಿಕ ಆಯ್ದ ವ್ಯವಸ್ಥೆಯ ಐಎಸ್‌ಒ ಕಡತವನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಂಡು, ಅಲ್ಲಿ ಕೊಟ್ಟಿರುವ ಪರಿಶೀಲನಾ ಸಂಖ್ಯೆಯೊಡನೆ ತಾಳೆ ನೋಡಿ, ಖಾಲಿ ಪೆನ್‌ಡ್ರೈವಿಗೆ ಬರೆಯಬೇಕು. ಯಂತ್ರವನ್ನು ಚಾಲೂ ಮಾಡುವಾಗ ಎಫ್2, ಎಫ್12 ಮೊದಲಾದ ನಿಯತ ಕೀಲಿಯನ್ನು ಒತ್ತಿ, ಪೆನ್‌ಡ್ರೈವಿನಿಂದಲೇ ಆರಂಭವಾಗುವಂತೆ ಮಾಡಬೇಕು. ಡಿಸ್ಕನ್ನು ಮುಟ್ಟದೆ ವ್ಯವಸ್ಥೆಯನ್ನು ಪರೀಕ್ಷಿಸುವ ಅವಕಾಶ ಇಲ್ಲುಂಟು. ಧ್ವನಿ, ವೈಫೈ, ಮುದ್ರಣಯಂತ್ರಗಳು ಸರಿಯಾಗಿ ನಡೆದರೆ ಮಾತ್ರ ಸ್ಥಾಪನೆಗೆ ಕೈಹಾಕುವುದು ಲೇಸು. ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಒಪ್ಪಿದ ಮೇಲೆ ಹಿಂದಿರುಗುವ ದಾರಿಯಿಲ್ಲ.

ಸ್ಥಾಪನೆಯ ನಂತರ ಐಬಸ್ ಎಂಬ ಸಾಧನದ ಮೂಲಕ ಕನ್ನಡ ಕೀಲಿಮಣೆಯನ್ನು ಅಳವಡಿಸಿಕೊಳ್ಳಬಹುದು. ಹೊಸ ವ್ಯವಸ್ಥೆ ಪವಾಡವನ್ನೇನೂ ಮಾಡದು. ಸ್ಮೃತಿ ಕಡಿಮೆಯಿದ್ದಲ್ಲಿ ಇಂದಿನ ಭಾರವಾದ ಜಾಲಪುಟಗಳು ತಡವಾಗಿಯೇ ತೆರೆದಾವು. ತಿರುಗುವ ಹಳೆಯ ಡಿಸ್ಕಿನ ಬದಲು ಎಸ್‌ಎಸ್‌ಡಿ ಜೋಡಿಸಿದರೆ ವೇಗ ಎದ್ದುಕಾಣುವಷ್ಟು ಹೆಚ್ಚುತ್ತದೆ. ಬರವಣಿಗೆ, ಲೆಕ್ಕಪತ್ರ, ಓದುಗಳಿಗಂತೂ ಇಷ್ಟು ಸಾಕು. ಒಂದು ಯಂತ್ರ ಉಳಿದರೆ ಹಣವೂ ಉಳಿಯಿತು. ಸೀಸವೇ ಮೊದಲಾದ ವಿಷವಸ್ತುಗಳು ಮಣ್ಣು ಸೇರುವುದೂ ಅಷ್ಟರಮಟ್ಟಿಗೆ ತಪ್ಪಿತು.